ಮಾತಿಗೆ ಮುನ್ನ ನಿಲುವು

ನಮ್ಮ ಕಾಲೇಜಿನ ವಾರ್ಷಿಕೋತ್ಸವದ ನಾಟಕವು ಹೇಗೆ ಸಿದ್ಧವಾಗುತ್ತದೆಂಬುದನ್ನು ಈ ಸಂಚಿಕೆಯ ವಾಚಕರಿಗೆ ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ಉತ್ಸವಕ್ಕೆ ಇನ್ನೊಂದು ತಿಂಗಳಿದೆ ಎನ್ನುವಾಗ ನಾಟಕ ಸಂಘದ ಸಭೆ ಸೇರುತ್ತದೆ. ಪುಸ್ತಕವೊಂದನ್ನು ಆರಿಸಿ ಅದರ ಪ್ರತಿಗಳನ್ನು ತೆಗೆಸಿ ಹಂಚಲಾಗುತ್ತದೆ. ನಾಲಿಗೆ ಸ್ಪಷ್ಟವಾಗಿದ್ದವರಿಗೆ ದೊಡ್ಡ ಪಾತ್ರ, ಅಷ್ಟಿಲ್ಲದವರಿಗೆ ಸಣ್ಣ ಪಾತ್ರ, ಎರಡಕ್ಕೂ ಸಲ್ಲದವರಿಗೆ ಈಟಿ ಹಿಡಿದು ನಿಲ್ಲುವ ಕೆಲಸ. ಮುಂದಿನ ಮೂರು ವಾರ ಎಲ್ಲರೂ ಬಸ್ಸಿನಲ್ಲಿಯೂ, ಗ್ರಂಥಾಲಯದ ಜಗುಲಿಯಲ್ಲಿಯೂ, ಕೆಲವರು ಪಾಠ ನಡೆಯುತ್ತಿರುವ ಕೊಠಡಿಯ ಹಿಂದಿನ ಬೆಂಚಿನಲ್ಲಿಯೂ ಮಾತುಗಳನ್ನು ಬಾಯಿಪಾಠ ಮಾಡುತ್ತಾರೆ. "ನೀನು ಇಲ್ಲಿ ನಿಲ್ಲು, ನೀನು ಅತ್ತಲಿಂದ ಬಾ" ಎಂಬ ಏರ್ಪಾಡು ನಡೆಯುವುದು ಕೊನೆಯ ನಾಲ್ಕು ದಿನಗಳಲ್ಲಿ. ಉತ್ಸವದ ರಾತ್ರಿ ಪರದೆ ಸರಿದಾಗ ಮಾತೆಲ್ಲವೂ ತಪ್ಪಿಲ್ಲದೆ ಬರುತ್ತದೆ; ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂಬುದು ಮಾತ್ರ ಯಾರಿಗೂ ತಿಳಿಯುವುದಿಲ್ಲ. ಮಹಾರಾಜನ ಕೈ ಪಂಚೆಯ ಅಂಚನ್ನು ಹುಡುಕುತ್ತದೆ. ಮಂತ್ರಿಯ ಕೈಗಳೆರಡೂ ಬೆನ್ನ ಹಿಂದೆ ಅಡಗಿಕೊಳ್ಳುತ್ತವೆ. ಸಭಿಕರು ಸೌಜನ್ಯದಿಂದ ಚಪ್ಪಾಳೆ ತಟ್ಟುತ್ತಾರೆ. ನಾವು ಗೆದ್ದೆವೆಂದು ಭಾವಿಸಿ ಬಣ್ಣ ಒರೆಸಿಕೊಳ್ಳುತ್ತೇವೆ.

ಈ ಕ್ರಮವು ತಪ್ಪು ಎಂಬುದೇ ನನ್ನ ಈ ಲೇಖನದ ವಿಷಯ. ನಾಟಕ ಕಲಿಯಲು ಬರುವ ಎಳೆಯರಿಗೆ ಮೊದಲು ಕಲಿಸತಕ್ಕದ್ದು ಮಾತನ್ನಲ್ಲ, ನಿಲುವನ್ನು. ದೇಹದಿಂದ ಒಂದು ಚಿತ್ರವನ್ನು ಕಟ್ಟಿ, ಅದನ್ನು ನೋಡಿ, ಅದನ್ನು ಬದಲಿಸುವ ವಿದ್ಯೆಯನ್ನು. ಹೀಗೆ ಹೇಳಲು ನನಗೆ ಅಧಿಕಾರವೇನೆಂದು ಮಿತ್ರರು ಕೇಳಬಹುದು. ನಾನು ರಂಗತಜ್ಞನಲ್ಲ, ಹಾಲಾಡಿಯಿಂದ ದಿನವೂ ಬಸ್ಸಿನಲ್ಲಿ ಬಂದುಹೋಗುವ ಅಂತಿಮ ಬಿ.ಎ. ವಿದ್ಯಾರ್ಥಿ. ಕಳೆದ ವರ್ಷ ನಾಟಕ ಸಂಘದ ಕಾರ್ಯದರ್ಶಿಯಾಗಿ ನಾನೇ ಒಂದು ತಪ್ಪು ಮಾಡಿದೆ. ಅದನ್ನು ತಿದ್ದಿಕೊಳ್ಳುವ ಪ್ರಯತ್ನದಲ್ಲಿ ಕಲಿತದ್ದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ತಪ್ಪು ಇಂಥದು. ಪಾತ್ರ ಹಂಚುವ ದಿನ ಪ್ರಥಮ ವರ್ಷದ ಒಬ್ಬ ವಿದ್ಯಾರ್ಥಿನಿಯು ರಾಣಿಯ ಮಾತುಗಳನ್ನು ಓದಿದಳು. ಒಂದೆಡೆ "ನಾನು ಹೋಗಬೇಕು" ಎಂದಿತ್ತು. ಓದುವ ಭರದಲ್ಲಿ ಅವಳ ಬಾಯಿಂದ "ಹೋಯ್ಕ್" ಎಂದು ಬಂದುಬಿಟ್ಟಿತು. ಕುಂದಾಪುರದ ಸೀಮೆಯಲ್ಲಿ ಹುಟ್ಟಿದವರ ಬಾಯಿಯಲ್ಲಿ ಅದಲ್ಲದೆ ಮತ್ತೇನು ಬರಬೇಕು? ಆದರೂ ನಾವೆಲ್ಲ ನಕ್ಕೆವು. ಮನೆಯಲ್ಲಿ ಅದೇ ಭಾಷೆಯನ್ನಾಡುವ ನಾನೂ ನಕ್ಕೆ. ಅವಳು ಮತ್ತೆ ಓದಲಿಲ್ಲ. ನಾನು ಅವಳಿಗೆ ದೀಪ ಹಿಡಿದು ನಿಲ್ಲುವ ಸಖಿಯ ಪಾತ್ರವನ್ನು ಕೊಟ್ಟೆ. ಇಡೀ ನಾಟಕದಲ್ಲಿ ಅವಳಿಗೆ ಒಂದು ಮಾತೂ ಇರಲಿಲ್ಲ. ಮಾತಿಲ್ಲದಿದ್ದರೂ ಪ್ರತಿದಿನದ ಅಭ್ಯಾಸಕ್ಕೆ ಬರಲೇಬೇಕೆಂದು ಕಟ್ಟಪ್ಪಣೆ ಮಾಡಿದವನೂ ನಾನೇ. ಈ ಕೊನೆಯ ವಾಕ್ಯವನ್ನು ವಾಚಕರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು.

ಉತ್ಸವ ಮುಗಿದ ಮೇಲೆ ಗ್ರಂಥಾಲಯದಲ್ಲಿ ಬ್ರೆಜಿಲ್ ದೇಶದ ಆಗಸ್ಟೊ ಬೋಲ್ ಎಂಬ ರಂಗಕರ್ಮಿಯ ಪುಸ್ತಕವು ಕೈಗೆ ಬಂತು. 1931ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ ಈತನನ್ನು ಅಲ್ಲಿಯ ಸೈನಿಕ ಸರಕಾರವು 1971ರಲ್ಲಿ ಸೆರೆಯಲ್ಲಿಟ್ಟು ಹಿಂಸಿಸಿತು. ಅನಂತರ ಆತ ದೇಶ ಬಿಟ್ಟು ಅಲೆಯಬೇಕಾಯಿತು. 1973ರಲ್ಲಿ ಪೆರು ದೇಶದಲ್ಲಿ ವಯಸ್ಕರಿಗೆ ಅಕ್ಷರ ಕಲಿಸುವ ಒಂದು ದೊಡ್ಡ ಕಾರ್ಯಕ್ರಮದಲ್ಲಿ ಆತ ಸೇರಿಕೊಂಡ. ಅಲ್ಲಿ ಕಲಿಯಲು ಬಂದವರಲ್ಲಿ ಹಲವರ ಮನೆಮಾತು ಸ್ಪ್ಯಾನಿಷ್ ಆಗಿರಲಿಲ್ಲ. ಒಬ್ಬೊಬ್ಬರದು ಒಂದೊಂದು ಭಾಷೆ. ಕಲಿಸುವವರ ಭಾಷೆಯಲ್ಲಿ ಬಾಯಿ ತೆರೆಯಲು ಅವರಿಗೆ ಸಂಕೋಚ. ಹೀಗಿರುವಲ್ಲಿ ಬೋಲ್ ಒಂದು ಉಪಾಯ ಹೂಡಿದ. ಮಾತು ಬೇಡ, ನೀವು ಹೇಳಬೇಕೆಂದಿರುವುದನ್ನು ಜೊತೆಗಾರರ ದೇಹಗಳನ್ನು ಮಣ್ಣಿನಂತೆ ಬಳಸಿ ಮೂರ್ತಿಯಾಗಿ ನಿಲ್ಲಿಸಿ ತೋರಿಸಿ ಎಂದ. ಮೊದಲು ಈಗ ಇರುವ ಸ್ಥಿತಿಯ ಚಿತ್ರ, ಅನಂತರ ಇರಬೇಕಾದ ಸ್ಥಿತಿಯ ಚಿತ್ರ, ಕೊನೆಗೆ ಒಂದರಿಂದ ಇನ್ನೊಂದಕ್ಕೆ ಸಾಗುವ ದಾರಿಯ ಚಿತ್ರ: ಇವು ಆತನ ಮೂರು ಮೆಟ್ಟಿಲುಗಳು. 1974ರಲ್ಲಿ ಪ್ರಕಟವಾದ ಆತನ 'ದಮನಿತರ ರಂಗಭೂಮಿ'ಯಿಂದ ಈ ಪದ್ಧತಿಯು ಜಗತ್ತಿನಲ್ಲೆಲ್ಲ ಹಬ್ಬಿತು. ನಮ್ಮ ದೇಶದಲ್ಲಿಯೂ ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ 1985ರಲ್ಲಿ ಆರಂಭವಾದ 'ಜನಸಂಸ್ಕೃತಿ' ಎಂಬ ತಂಡವು ಬೋಲನ ದಾರಿಯಲ್ಲಿ ನಾಟಕವನ್ನು ಕಟ್ಟಿಕೊಂಡು ಬಂದಿದೆ.

ಇದಕ್ಕೆ ಕನ್ನಡದಲ್ಲಿ ಏನು ಹೆಸರಿಡಬೇಕೆಂಬುದು ನಮ್ಮಲ್ಲಿ ಚರ್ಚೆಯಾಯಿತು. 'ಚಿತ್ರರಂಗ' ಎಂದರೆ ಸಿನಿಮಾ ಆಗುತ್ತದೆ. 'ಸ್ತಬ್ಧಚಿತ್ರ' ಎಂದರೆ ಮೈಸೂರು ದಸರೆಯ ಮೆರವಣಿಗೆ ಕಣ್ಣಿಗೆ ಕಟ್ಟುತ್ತದೆ. ನಾವು ಸುಮ್ಮನೆ 'ನಿಲುವಿನ ಪಾಠ' ಎಂದು ಕರೆದೆವು. ಕನ್ನಡದಲ್ಲಿ ನಿಲುವು ಎಂದರೆ ನಿಂತ ಭಂಗಿಯೂ ಹೌದು, ಒಬ್ಬನ ಅಭಿಪ್ರಾಯವೂ ಹೌದು. ಈ ಎರಡು ಅರ್ಥಗಳನ್ನು ಒಂದೇ ಪದದಲ್ಲಿ ಹಿಡಿದಿಟ್ಟ ನಮ್ಮ ಹಿರಿಯರು ಈ ಪಾಠದ ಸಾರವನ್ನು ಎಂದೋ ಬಲ್ಲವರಾಗಿದ್ದರೆಂದೇ ತೋರುತ್ತದೆ.

ಬೋಲನ ಪುಸ್ತಕದಲ್ಲಿ ಬರುವ ಒಂದು ಪ್ರಸಂಗವನ್ನು ಇಲ್ಲಿ ಹೇಳದೆ ಮುಂದುವರಿಯಲಾರೆ. ಪೆರುವಿನ ರಾಜಧಾನಿ ಲೀಮಾದಲ್ಲಿ ಕಲಿಯಲು ಬಂದವರ ಕೈಗೆ ಕ್ಯಾಮೆರಾ ಕೊಟ್ಟು, ಶೋಷಣೆ ಎಂದರೇನೆಂದು ಚಿತ್ರದಲ್ಲಿ ತೋರಿಸಿರಿ ಎಂದು ಕೇಳಲಾಯಿತಂತೆ. ಒಬ್ಬ ಹುಡುಗ ಗೋಡೆಗೆ ಹೊಡೆದ ಒಂದು ಮೊಳೆಯ ಚಿತ್ರವನ್ನು ತಂದ. ದೊಡ್ಡವರಿಗೆ ಏನೂ ಅರ್ಥವಾಗಲಿಲ್ಲ. ಹುಡುಗರಿಗೆಲ್ಲ ಕೂಡಲೆ ಅರ್ಥವಾಯಿತು. ಪೇಟೆಯಲ್ಲಿ ಬೂಟು ತಿಕ್ಕಿ ಬದುಕುವ ಆ ಹುಡುಗರ ಮನೆಗಳು ಬಹು ದೂರ. ಭಾರವಾದ ಪೆಟ್ಟಿಗೆಯನ್ನು ದಿನವೂ ಹೊತ್ತು ತರಲಾರದೆ ಅಂಗಡಿಯೊಂದರ ಗೋಡೆಯ ಮೊಳೆಗೆ ರಾತ್ರಿ ತೂಗುಹಾಕುತ್ತಿದ್ದರು. ಆ ಮೊಳೆಗೆ ಅಂಗಡಿಯವನು ಬಾಡಿಗೆ ವಸೂಲು ಮಾಡುತ್ತಿದ್ದ. ಶೋಷಣೆಯ ಬಗ್ಗೆ ಪ್ರಬಂಧ ಬರೆಯೆಂದಿದ್ದರೆ ಆ ಹುಡುಗ ಒಂದು ಸಾಲು ಬರೆಯುತ್ತಿದ್ದನೋ ಇಲ್ಲವೋ. ಚಿತ್ರದ ಬಲವೆಂದರೆ ಇದೇ. ಹೇಳಲು ಭಾಷೆ ಸಾಲದವನಿಗೂ ತೋರಿಸಲು ಕಣ್ಣಿದೆ.

ಈ ಪುಸ್ತಕದ ಬಲದಿಂದ ನಾವು ಮೂವರು ಗೆಳೆಯರು ಆರು ಶನಿವಾರಗಳ ಕಾಲ, ಅಧ್ಯಾಪಕರ ಅನುಮತಿ ಪಡೆದು, ಪ್ರಥಮ ವರ್ಷದ ಹದಿನಾಲ್ಕು ವಿದ್ಯಾರ್ಥಿಗಳೊಡನೆ ನಿಲುವಿನ ಪಾಠವನ್ನು ಮಾಡಿ ನೋಡಿದೆವು. ಬೆಂಚುಗಳನ್ನು ಗೋಡೆಗೆ ಸರಿಸಿದ ಒಂದು ಕೊಠಡಿ, ಒಂದು ಹಳೆಯ ಸೀರೆ, ಇಷ್ಟೇ ನಮ್ಮ ಸಾಮಗ್ರಿ. ಮೊದಲ ದಿನ ಎಲ್ಲರೂ ಕೊಠಡಿಯಲ್ಲಿ ಅಡ್ಡಾಡುವುದು. ಚಪ್ಪಾಳೆ ಕೇಳಿದೊಡನೆ ಇದ್ದಲ್ಲಿಯೇ ನಿಲ್ಲುವುದು. ತನ್ನ ಕಾಲು ಎಲ್ಲಿದೆ, ಭಾರ ಯಾವ ಪಾದದ ಮೇಲಿದೆ, ಕಣ್ಣು ಎತ್ತ ನೋಡುತ್ತಿದೆ ಎಂದು ತಾನೇ ಗಮನಿಸುವುದು. ಎರಡನೆಯ ದಿನ ಇಬ್ಬರು ಕೈಕುಲುಕಿ ನಿಲ್ಲುತ್ತಾರೆ. ಒಬ್ಬನು ಸರಿದುಹೋಗುತ್ತಾನೆ. ಉಳಿದವನು ಚಾಚಿದ ಕೈ ಚಾಚಿದಂತೆಯೇ ನಿಂತಿರುತ್ತಾನೆ. ಈಗ ಆ ಕೈಯ ಅರ್ಥವೇನು? ಒಬ್ಬನು ಬೇಡುವ ಕೈ ಎಂದ. ಇನ್ನೊಬ್ಬಳು ಬಾವಿಗೆ ಬಿದ್ದವನನ್ನು ಎತ್ತುವ ಕೈ ಎಂದಳು. ಮೂರನೆಯವನು ಟಿಕೇಟಿನ ದುಡ್ಡು ಕೇಳುವ ಕಂಡಕ್ಟರನ ಕೈ ಎಂದು ಹೇಳಿ ಎಲ್ಲರನ್ನೂ ನಗಿಸಿದ. ಹೀಗೆ ಹೇಳಿದವರು ತಾವೇ ಹೋಗಿ ಆ ಕೈಯೆದುರು ನಿಂತು ಚಿತ್ರವನ್ನು ಪೂರ್ತಿಗೊಳಿಸಬೇಕು. ಒಂದೇ ಕೈಗೆ ಎದುರು ನಿಂತವನಿಂದ ಹತ್ತು ಅರ್ಥ ಬರುತ್ತದೆಂಬುದು ಹತ್ತು ನಿಮಿಷದಲ್ಲಿ ಎಲ್ಲರಿಗೂ ತಿಳಿಯಿತು. ಮೂರು ವಾರದ ಬಾಯಿಪಾಠದಲ್ಲಿ ಈ ಪಾಠವು ನಮಗೆ ಎಂದೂ ಸಿಕ್ಕಿರಲಿಲ್ಲ.

ಸೀರೆ ಏತಕ್ಕೆಂದು ಕೇಳುವಿರಾ? ಅದು ನಮ್ಮೂರಿನ ಆಟದಿಂದ ಎರವಲು ತಂದದ್ದು. ಯಕ್ಷಗಾನದಲ್ಲಿ ಬಣ್ಣದ ವೇಷವು ರಂಗಸ್ಥಳಕ್ಕೆ ಬರುವಾಗ ಇಬ್ಬರು ತೆರೆ ಹಿಡಿಯುತ್ತಾರೆ. ರಾಕ್ಷಸನು ತೆರೆಯ ಮರೆಯಲ್ಲಿಯೇ ಕುಣಿಯುತ್ತಾನೆ, ಅಬ್ಬರಿಸುತ್ತಾನೆ. ಒಮ್ಮೆ ಕಿರೀಟದ ತುದಿ, ಒಮ್ಮೆ ಕಣ್ಣು. ಚೆಂಡೆಯ ಪೆಟ್ಟು ಏರುತ್ತಿರುವಂತೆ ಒಮ್ಮೆಲೆ ತೆರೆ ಇಳಿದಾಗ ಕಾಣುವ ಆ ನಿಲುವನ್ನು, ಚಿಕ್ಕಂದಿನಲ್ಲಿ ಅಜ್ಜಯ್ಯನ ಮಗ್ಗುಲಲ್ಲಿ ಕಂಬಳಿ ಹೊದ್ದು ಕುಳಿತು ನೋಡಿದವರು ಮರೆಯಲು ಸಾಧ್ಯವೆ? ರಾಕ್ಷಸನು ಇನ್ನೂ ಒಂದು ಮಾತನ್ನೂ ಆಡಿಲ್ಲ. ಆದರೂ ಅವನಾರು, ಅವನ ಬಲವೆಷ್ಟು, ಅವನ ಮದವೆಷ್ಟು ಎಂಬುದೆಲ್ಲ ನಮಗೆ ತಿಳಿದುಹೋಗಿದೆ. ನಾವೂ ಹಾಗೆಯೇ ಸೀರೆಯ ಮರೆಯಲ್ಲಿ ಚಿತ್ರ ಕಟ್ಟಿ, ಸಿದ್ಧವಾದ ಮೇಲೆ ತೆರೆಯಿಳಿಸಿದೆವು. ನೋಡುವವರಿಗೆ ಒಂದು ಕಟ್ಟಳೆ ಮಾಡಿದ್ದೆವು. ಕಂಡದ್ದನ್ನು ಮೊದಲು ಹೇಳಬೇಕು, ಎಣಿಸಿದ್ದನ್ನು ಆಮೇಲೆ.

ನಾಲ್ಕನೆಯ ಶನಿವಾರದ ವಿಷಯ 'ರಾತ್ರಿಯ ಊಟ' ಎಂದಿತ್ತು. ದೀಪ ಹಿಡಿದ ಸಖಿಯಾಗಿದ್ದ ಆ ವಿದ್ಯಾರ್ಥಿನಿಯ ಸರದಿ ಬಂತು. ಅವಳು ಐವರನ್ನು ಆರಿಸಿಕೊಂಡಳು. ತೆರೆಯಿಳಿದಾಗ ನಾಲ್ವರು ಊಟಕ್ಕೆ ಕುಳಿತಿದ್ದರು; ಐದನೆಯವಳು ಅವರಿಗೆ ಬೆನ್ನು ಹಾಕಿ, ಒಂದು ಕೈಯನ್ನು ಇಲ್ಲದ ಬಾಗಿಲಿನ ಮೇಲಿಟ್ಟು, ಹೊರಗೆ ನೋಡುತ್ತ ನಿಂತಿದ್ದಳು. ನೋಡಿದವರು ಕಂಡದ್ದನ್ನು ಹೇಳತೊಡಗಿದರು. ನಾಲ್ವರು ಕುಳಿತಿದ್ದಾರೆ, ಒಬ್ಬಳು ನಿಂತಿದ್ದಾಳೆ, ಅವಳ ಮುಂದೆ ಬಟ್ಟಲಿಲ್ಲ. ನಾನು ಮಾಡಿದ ಕಟ್ಟಳೆಯನ್ನು ಮುರಿದವನು ನಾನೇ. "ಇದು ಹೆಣ್ಣಿನ ಸ್ಥಿತಿಯ ಚಿತ್ರ, ಎಲ್ಲರಿಗೂ ಬಡಿಸಿ ತಾನು ಕೊನೆಗೆ ಉಣ್ಣುವ ಹೆಣ್ಣುಮಗಳು ಇವಳು" ಎಂದು ವ್ಯಾಖ್ಯಾನ ಮಾಡಿದೆ. ಅವಳು ತಲೆಯಲ್ಲಾಡಿಸಿದಳು. "ಅಲ್ಲ ಅಣ್ಣ. ಅದ್ ಅಬ್ಬಿ. ನಾ ಬಪ್ಪುದನ್ನ ಕಾಯ್ತಾ ನಿಂತದ್ದ್" ಎಂದಳು. ಹಾಗಾದರೆ ನೀನೆಲ್ಲಿ ಎಂದು ಯಾರೋ ಕೇಳಿದರು. "ನಾ ಇದ್ರಾಗ್ ಇಲ್ಲೆ" ಎಂದಳು.

ಕೊಠಡಿಯಲ್ಲಿ ಸದ್ದಿರಲಿಲ್ಲ. ಚಿತ್ರದಲ್ಲಿ ಒಂದೇ ಒಂದು ಬದಲಾವಣೆ ಮಾಡಲು ಯಾರಾದರೂ ಬರಬಹುದು ಎಂದು ಕರೆದೆವು. ಒಬ್ಬ ಹುಡುಗ ಹೋಗಿ ನಿಂತಿದ್ದ ತಾಯಿಗೆ ಸನ್ನೆ ಮಾಡಿ ಅವಳನ್ನು ಊಟಕ್ಕೆ ಕುಳ್ಳಿರಿಸಿದ. ಚಿತ್ರವು ಒಮ್ಮೆಲೆ ಸುಖವಾಗಿ ಕಂಡಿತು. ಮರುಕ್ಷಣವೇ ಸುಳ್ಳಾಗಿಯೂ ಕಂಡಿತು. ಬಾಗಿಲಲ್ಲಿ ಈಗ ಯಾರೂ ಇಲ್ಲ. ಆಗ ಯಾರೂ ಹೇಳದೆಯೇ, ಅಣ್ಣನ ಸ್ಥಾನದಲ್ಲಿ ಕುಳಿತಿದ್ದ ಹುಡುಗ ಏಳತೊಡಗಿದ. ಪೂರ್ತಿ ಏಳುವ ಮೊದಲೇ ಚಪ್ಪಾಳೆ ಬಿತ್ತು. ಎಲ್ಲರೂ ಇದ್ದಂತೆಯೇ ನಿಂತರು. ಅವನ ಮೊಣಕಾಲು ನೆಲ ಬಿಟ್ಟಿತ್ತು, ಕೈ ಇನ್ನೂ ಬಟ್ಟಲ ಮೇಲೆಯೇ ಇತ್ತು, ಮುಖ ಬಾಗಿಲ ಕಡೆಗೆ ತಿರುಗಿತ್ತು. ಬೋಲ್ ಹೇಳುವ ದಾರಿಯ ಚಿತ್ರವೆಂದರೆ ಏನೆಂಬುದು ನನಗೆ ತಿಳಿದದ್ದು ಪುಸ್ತಕದಿಂದಲ್ಲ, ಆ ಅರ್ಧ ಎದ್ದ ಹುಡುಗನಿಂದ.

ಕಥೆ ಅಲ್ಲಿಗೆ ಮುಗಿಯಲಿಲ್ಲ. "ಅಣ್ಣ ಬಾಗಿಲಲ್ಲಿ ನಿಂತರೂ ತಂಗಿ ಬಂದಿಲ್ಲವಲ್ಲ, ಅವಳೇಕೆ ತಡವಾಗುತ್ತಾಳೆ?" ಎಂದು ಒಬ್ಬರು ಕೇಳಿದರು. ಅವಳು ಸುಮ್ಮನಿದ್ದಳು. ಉತ್ತರ ಹೇಳಿದವಳು ಅವಳ ಗೆಳತಿ. ನಾಟಕದ ಅಭ್ಯಾಸ ಮುಗಿಯುವ ಹೊತ್ತಿಗೆ ಅವಳ ಊರಿನ ಕಡೆಗೆ ಹೋಗುವ ಬಸ್ಸು ಹೊರಟುಹೋಗುತ್ತಿತ್ತು. ಹಾಲಾಡಿಯವರೆಗೆ ಬೇರೆ ಬಸ್ಸಿನಲ್ಲಿ ಬಂದು, ಪೇಟೆಯಲ್ಲಿ ಇಳಿದು, ಅಲ್ಲಿಂದ ಸಿಕ್ಕಿದ ರಿಕ್ಷಾವನ್ನೋ ಪರಿಚಿತರ ವಾಹನವನ್ನೋ ಹಿಡಿದು ಅವಳು ಮನೆ ಸೇರುತ್ತಿದ್ದಳು. ಒಂದು ತಿಂಗಳ ಕಾಲ, ಒಂದು ಮಾತೂ ಇಲ್ಲದ ಪಾತ್ರಕ್ಕಾಗಿ, ದೀಪ ಹಿಡಿದು ನಿಲ್ಲಲು. ಹಾಲಾಡಿ ಪೇಟೆಯಲ್ಲಿ ಕುಂದಾಪುರ, ಸಿದ್ದಾಪುರ, ಗೋಳಿಯಂಗಡಿ, ಅಮಾಸೆಬೈಲುಗಳ ದಾರಿಗಳು ಕೂಡುತ್ತವೆ. ನಾನು ಅಲ್ಲಿ ಇಳಿದು ನಡೆದು ಮನೆಗೆ ಹೋಗುವವನು. ಅಲ್ಲಿ ಇಳಿದ ಮೇಲೆ ಇನ್ನೂ ದಾರಿ ಉಳಿದವರಿರುತ್ತಾರೆಂಬುದು ಕಾರ್ಯದರ್ಶಿಯ ವೇಳಾಪಟ್ಟಿಯಲ್ಲಿ ಇರಲಿಲ್ಲ. ಆ ಚಿತ್ರದ ಬಾಗಿಲಲ್ಲಿ ಒಬ್ಬ ತಾಯಿಯನ್ನು ನಿಲ್ಲಿಸಿದವನು ನಾನೆಂಬುದು ಹೀಗೆ ಹದಿನಾಲ್ಕು ಜನರೆದುರು ನನಗೆ ತಿಳಿಯಿತು. ಅವಳು ದೂರು ಹೇಳಬೇಕೆಂದು ಆ ಚಿತ್ರ ಕಟ್ಟಿರಲಿಲ್ಲ. ರಾತ್ರಿಯ ಊಟ ಎಂದೊಡನೆ ಅವಳಿಗೆ ಕಂಡದ್ದು ಅದು, ಕಂಡದ್ದನ್ನು ತೋರಿಸಿದಳು. ಅಷ್ಟೆ.

ಇನ್ನು ಈ ಪಾಠಕ್ಕೆ ಬರುವ ಆಕ್ಷೇಪಣೆಗಳನ್ನು ವಿಚಾರಿಸೋಣ.

ಮೊದಲನೆಯದಾಗಿ, ಮಾತೇ ಪ್ರಧಾನವಾದ ಈ ನಾಡಿನಲ್ಲಿ ಮಾತನ್ನು ಹಿಂದಕ್ಕೆ ತಳ್ಳುವುದು ಸರಿಯೆ ಎಂದು ಹಿರಿಯರೊಬ್ಬರು ಕೇಳಿದರು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಕುಳಿತಲ್ಲಿಂದಲೇ ಬರಿಯ ಮಾತಿನಿಂದ ಕುರುಕ್ಷೇತ್ರವನ್ನು ಕಟ್ಟುವ ಅರ್ಥಧಾರಿಗಳ ಪರಂಪರೆ ನಮ್ಮದು. ಆ ಪರಂಪರೆಗೆ ನಾನೂ ತಲೆಬಾಗುತ್ತೇನೆ. ಆದರೆ ಅರ್ಥಗಾರಿಕೆಯು ಕಲೆಯ ಶಿಖರವೇ ಹೊರತು ಮೊದಲ ಮೆಟ್ಟಿಲಲ್ಲ. ಹಿಂದಿನ ಮೇಳಗಳಲ್ಲಿ ಹೊಸದಾಗಿ ಸೇರಿದ ಹುಡುಗನು ಯಾವ ಪಾತ್ರದಿಂದ ತೊಡಗುತ್ತಿದ್ದ? ಪ್ರಸಂಗ ಆರಂಭವಾಗುವ ಮುನ್ನ ನಡೆಯುವ ಪೂರ್ವರಂಗದಲ್ಲಿ ಕೋಡಂಗಿಯಾಗಿ, ಮುಂದೆ ಬಾಲಗೋಪಾಲನಾಗಿ, ಸ್ತ್ರೀವೇಷವಾಗಿ. ಈ ವೇಷಗಳಿಗೆ ಕುಣಿತವಿದೆ, ಅರ್ಥ ಹೇಳುವ ಹೊಣೆಯಿಲ್ಲ. ಹೆಜ್ಜೆ ಕೂಡಿ, ನಿಲ್ಲಲು ಬಂದು, ಸಭೆಯ ಕಣ್ಣನ್ನು ಎದುರಿಸುವ ಧೈರ್ಯ ಬಂದ ಮೇಲೆ ಮಾತಿನ ವೇಷಗಳು. ಮಾತಿಗೆ ಮುನ್ನ ನಿಲುವು ಎಂಬ ಕ್ರಮವು ಬ್ರೆಜಿಲಿನಿಂದ ಬಂದದ್ದಲ್ಲ. ನಮ್ಮ ಚೌಕಿಯಲ್ಲಿಯೇ ಇತ್ತು. ಕಾಲಮಿತಿಯ ಆಟಗಳಲ್ಲಿ ಪೂರ್ವರಂಗವು ಸಂಕ್ಷೇಪಗೊಂಡಂತೆ ನಾವೂ ಅದನ್ನು ಮರೆತೆವು.

ಇದೇ ಸೀಮೆಯ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು (1902-1997) ಯಕ್ಷಗಾನದಿಂದ ಮಾತನ್ನು ಕಳಚಿ, ಹಾಡು, ಕುಣಿತ, ವೇಷಗಳಿಂದಲೇ ಕಥೆ ಹೇಳುವ ಪ್ರಯೋಗ ಮಾಡಿದರು. ಅವರ ಮುತುವರ್ಜಿಯನ್ನು ಕಂಡ ಯಕ್ಷಗಾನ ಕೇಂದ್ರವು ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ 1971ರಲ್ಲಿ ಆರಂಭವಾಯಿತು. ಅರ್ಥವಿಲ್ಲದ ಯಕ್ಷಗಾನವು ಯಕ್ಷಗಾನವೇ ಅಲ್ಲವೆಂದು ಆಕ್ಷೇಪಿಸಿದವರೂ ಇದ್ದರು. ಆ ವಾದದಲ್ಲಿ ತೀರ್ಪು ಹೇಳುವ ಯೋಗ್ಯತೆ ನನಗಿಲ್ಲ. ಆದರೆ ದೇಹವೊಂದೇ ಎಷ್ಟನ್ನು ಹೇಳಬಲ್ಲುದು ಎಂಬ ಪ್ರಶ್ನೆಯನ್ನು ನಮ್ಮ ನೆಲದಲ್ಲಿಯೇ ಒಬ್ಬರು ಕೇಳಿದ್ದರೆಂಬುದನ್ನು ಮರೆಯಬಾರದು. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನ ಸೂತ್ರದ ಗೊಂಬೆಗಳನ್ನು ನೋಡಿದವರಿಗೆ ಇದರ ಉತ್ತರವೂ ಅರ್ಧ ತಿಳಿದಿದೆ. ಕೊಗ್ಗ ಕಾಮತರ ಕೈಯಲ್ಲಿ ಲೋಕಪ್ರಸಿದ್ಧವಾದ ಆ ಯಕ್ಷಗಾನ ಗೊಂಬೆಗಳ ಮುಖದಲ್ಲಿ ಭಾವ ಬದಲಾಗುವುದಿಲ್ಲ, ಮರ ಮರವೇ. ಆದರೂ ಕೊರಳು ಒಂದಿಷ್ಟು ಬಾಗಿದರೆ ದುಃಖ, ಎದೆ ಒಂದಿಷ್ಟು ಮುಂದಾದರೆ ಗರ್ವ. ಮರದ ಗೊಂಬೆಗೆ ಸಾಧ್ಯವಾದದ್ದು ರಕ್ತಮಾಂಸದ ನಮಗೆ ಏಕೆ ಸಾಧ್ಯವಾಗಬಾರದು?

ಎರಡನೆಯ ಆಕ್ಷೇಪಣೆಯು ನಮ್ಮ ಅಧ್ಯಾಪಕರದು. ಪರೀಕ್ಷೆ, ಹಾಜರಿ, ಆಂತರಿಕ ಅಂಕಗಳ ನಡುವೆ ಇದಕ್ಕೆ ವೇಳೆಯೆಲ್ಲಿ? ನಾಟಕವನ್ನೇ ಕಲಿಯಬೇಕೆಂಬವರಿಗೆ ಘಟ್ಟ ಹತ್ತಿದರೆ ಹೆಗ್ಗೋಡು ಇದೆ. ಅಲ್ಲಿಯ ನೀನಾಸಂ 1980ರಿಂದ ರಂಗಶಿಕ್ಷಣ ಕೊಡುತ್ತ ಬಂದಿದೆಯಲ್ಲ ಎಂದು ಅವರು ಹೇಳುತ್ತಾರೆ. ನಿಜ. ಆದರೆ ಅಲ್ಲಿಗೆ ಹೋಗಿ ತಿಂಗಳುಗಟ್ಟಲೆ ಇದ್ದು ಕಲಿಯಬಲ್ಲವರು ನಮ್ಮಲ್ಲಿ ಎಷ್ಟು ಮಂದಿ? ನಾನು ಹೇಳುತ್ತಿರುವುದು ನಟರನ್ನು ತಯಾರಿಸುವ ಮಾತಲ್ಲ. ಶನಿವಾರದ ಒಂದು ಗಂಟೆ, ಒಂದು ಖಾಲಿ ಕೊಠಡಿ. ಬೆಳಕು ಬೇಡ, ಬಣ್ಣ ಬೇಡ, ಬಾಡಿಗೆಯ ಉಡುಪು ಬೇಡ. ಉತ್ಸವದ ನಾಟಕದ ಒಂದು ಕಿರೀಟಕ್ಕೆ ತೆರುವ ಬಾಡಿಗೆಯಷ್ಟೂ ಇದಕ್ಕೆ ತಗಲುವುದಿಲ್ಲ.

ಮೂರನೆಯ ಆಕ್ಷೇಪಣೆ ಗಂಭೀರವಾದದ್ದು. ಒಬ್ಬರು ಇನ್ನೊಬ್ಬರ ಮೈಮುಟ್ಟಿ ಮೂರ್ತಿಯಂತೆ ತಿದ್ದುವುದು ನಮ್ಮ ಊರಿನ, ಹುಡುಗ ಹುಡುಗಿಯರು ಕೂಡಿ ಕಲಿಯುವ ಕಾಲೇಜಿಗೆ ಒಪ್ಪುವುದೆ? ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಮುಟ್ಟದೆ ತಿದ್ದುವ ಕ್ರಮವನ್ನು ಬೋಲ್ ಕೂಡ ಬಳಸಿದ್ದಾನೆ. ಚಿತ್ರ ಕಟ್ಟುವವನು ತಾನು ಹಾಗೆ ನಿಂತು ತೋರಿಸುತ್ತಾನೆ. ಎದುರಿನವನು ಕನ್ನಡಿಯಂತೆ ಅದನ್ನು ಅನುಸರಿಸುತ್ತಾನೆ. ನಾವು ಮೊದಲ ದಿನದಿಂದಲೂ ಹೀಗೆಯೇ ಮಾಡಿದೆವು. ಯಾರ ಮನೆಯವರಿಗೂ ಸಂಕೋಚಪಡುವ ಕಾರಣ ಒದಗಲಿಲ್ಲ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಅದನ್ನು ಆಕ್ಷೇಪಿಸುವವರಾರೂ ಹೇಳಲಿಲ್ಲ, ನಾನೇ ಹೇಳಬೇಕಾಗಿದೆ. ದೇಹವು ಮಾತಿಗಿಂತ ಪ್ರಾಮಾಣಿಕ; ಒಬ್ಬರು ಬಾಯಿಬಿಟ್ಟು ಹೇಳದಿದ್ದುದು ಅವರು ಕಟ್ಟಿದ ಚಿತ್ರದಲ್ಲಿ ಹೊರಬೀಳುತ್ತದೆ. ಹಾಗೆ ಹೊರಬಿದ್ದುದನ್ನು ಹಿಡಿದು "ಇದು ನಿನ್ನ ಮನೆಯ ಕಥೆಯೆ?" ಎಂದು ಕೇಳುವುದು ಕಲಿಸುವವನಿಗೆ ಸಲ್ಲದು. ಅವಳು ತಾನಾಗಿ ಹೇಳಿದಳೆಂದು ನಮಗೆ ಕೇಳುವ ಹಕ್ಕು ಬಂದಂತಾಗಲಿಲ್ಲ. ಅಂದು ಕಾರಣ ಕೇಳಿದವರನ್ನು ತಡೆಯದೆ ಸುಮ್ಮನಿದ್ದುದೂ ನನ್ನ ತಪ್ಪೇ. ಐದನೆಯ ಶನಿವಾರದಿಂದ ನಾವು ಈ ಪ್ರಶ್ನೆಯನ್ನೇ ನಿಷೇಧಿಸಿದೆವು. ಚಿತ್ರವು ತೆರೆಯಿಳಿದ ಮೇಲೆ ಎಲ್ಲರದು. ಅದರ ಒಳಗಿನವರು ಯಾರೆಂಬುದು ಕಟ್ಟಿದವರ ಗುಟ್ಟು. ಅವಳ ಅನುಮತಿ ಕೇಳಿ, ಈ ಲೇಖನವನ್ನು ಅವಳಿಗೆ ಓದಿಸಿದ ಮೇಲೆಯೇ ಸಂಪಾದಕರಿಗೆ ಕೊಟ್ಟಿದ್ದೇನೆ.

ಕಲಿಸುವವನು ಎಚ್ಚರ ವಹಿಸಬೇಕಾದ ಇನ್ನೂ ಒಂದು ವಿಷಯವಿದೆ. ನಿಲುವಿನ ಪಾಠವು ಸುಲಭವಾಗಿ ಮೆರವಣಿಗೆಯ ಸ್ತಬ್ಧಚಿತ್ರವಾಗಿಬಿಡುತ್ತದೆ. 'ಪರಿಸರ' ಎಂದರೆ ಒಬ್ಬನು ಮರವಾಗುತ್ತಾನೆ, ಇನ್ನೊಬ್ಬನು ಕೊಡಲಿ ಎತ್ತುತ್ತಾನೆ. 'ಐಕ್ಯ' ಎಂದರೆ ಎಲ್ಲರೂ ಕೈ ಕೈ ಹಿಡಿಯುತ್ತಾರೆ. ಎಲ್ಲರೂ ಮೊದಲೇ ಬಲ್ಲ ಅರ್ಥವನ್ನು ಎಲ್ಲರಿಗೂ ತೋರಿಸಿದಂತಾಗುತ್ತದೆ. ಇಂಥ ಚಿತ್ರಕ್ಕೂ ಬಾಯಿಪಾಠಕ್ಕೂ ವ್ಯತ್ಯಾಸವಿಲ್ಲ; ಮೊದಲು ನಾಲಿಗೆ ಉರುಹೊಡೆಯುತ್ತಿತ್ತು, ಈಗ ಮೈ ಉರುಹೊಡೆಯುತ್ತದೆ. ಆಟದಲ್ಲಿ ಕಂಡ ಭಂಗಿಗಳನ್ನು ಹಾಗೆಯೇ ತಂದು ನಿಲ್ಲಿಸಿದರೂ ಇದೇ ಗತಿ. ಆದುದರಿಂದ ವಿಷಯ ಕೊಡುವಾಗ ದೊಡ್ಡ ಪದಗಳನ್ನು ಕೊಡಬಾರದು. 'ಸಮಾಜ', 'ನ್ಯಾಯ', 'ಸ್ವಾತಂತ್ರ್ಯ' ಬೇಡ. 'ಬಸ್ಸು ತಪ್ಪಿತು', 'ಅಂಕಪಟ್ಟಿ ಬಂದ ದಿನ', 'ಗೇರುಬೀಜದ ಕಾರ್ಖಾನೆಯಿಂದ ಮನೆಗೆ', 'ಗದ್ದೆ ಹಡಿಲು ಬಿದ್ದಿದೆ' ಎಂಬಂಥವು ಬೇಕು. ಸಣ್ಣ ವಿಷಯದಿಂದ ಹೊರಟವನು ದೊಡ್ಡದಕ್ಕೆ ತಾನಾಗಿಯೇ ತಲಪುತ್ತಾನೆ. ಮೊಳೆಯ ಚಿತ್ರ ತಂದ ಹುಡುಗನು ತಲಪಲಿಲ್ಲವೆ?

ಹಾಗಾದರೆ ಮಾತು ಎಂದಿಗೂ ಬೇಡವೆ? ಬೇಕು. ಆರನೆಯ ಶನಿವಾರ ನಾವು ಮಾತನ್ನು ತಂದೆವು. ಚಿತ್ರದಲ್ಲಿ ನಿಂತ ಪ್ರತಿಯೊಬ್ಬರೂ ಭುಜ ಮುಟ್ಟುವ ಬದಲು ಹೆಸರು ಕರೆದಾಗ ಒಂದೇ ಒಂದು ಮಾತು ಆಡಬೇಕು. ಆ ನಿಲುವಿನಿಂದ ಹುಟ್ಟಿದ ಮಾತು. ಮನೆಯಲ್ಲಿ ಆಡುವ ಭಾಷೆಯಲ್ಲಿ. ಅಂದು ಕೊಠಡಿಯಲ್ಲಿ ಕುಂದಾಪುರದ ಕನ್ನಡ ಕೇಳಿತು, ಕೊಂಕಣಿ ಕೇಳಿತು, ತುಳು ಕೇಳಿತು, ಬ್ಯಾರಿ ಭಾಷೆ ಕೇಳಿತು. ಯಾರೂ ನಗಲಿಲ್ಲ. ನಗಲು ಕಾರಣವಿರಲಿಲ್ಲ, ಮಾತು ಪುಸ್ತಕದಿಂದ ಬಂದಿರಲಿಲ್ಲ, ನಿಂತ ಕಾಲಿನಿಂದ ಬಂದಿತ್ತು. ಪಠ್ಯದ ಕನ್ನಡವನ್ನು ಕಲಿಯಬಾರದೆಂದು ನಾನು ಹೇಳುವುದಿಲ್ಲ, ಕಲಿಯಲೇಬೇಕು. ಆದರೆ ಮೊದಲು ಒಬ್ಬನಿಗೆ ತನ್ನ ಕಾಲ ಮೇಲೆ ನಿಲ್ಲುವುದನ್ನು ಕಲಿಸಿ, ಆಮೇಲೆ ಇನ್ನೊಬ್ಬರ ಮಾತನ್ನು ಅವನ ಬಾಯಿಗೆ ಕೊಡೋಣ.

ಅಧ್ಯಾಪಕರಲ್ಲಿಯೂ ಮುಂದಿನ ವರ್ಷದ ನಾಟಕ ಸಂಘದವರಲ್ಲಿಯೂ ನನ್ನ ವಿನಂತಿ ಮೂರು. ಪಾತ್ರ ಹಂಚುವ ಮುನ್ನ ಕನಿಷ್ಠ ಆರು ಶನಿವಾರ ಎಲ್ಲರಿಗೂ ನಿಲುವಿನ ಪಾಠವಾಗಲಿ. ಯಾರಿಗೆ ಯಾವ ಪಾತ್ರವೆಂಬುದನ್ನು ಓದು ಕೇಳಿ ನಿರ್ಧರಿಸದೆ, ನಿಂತದ್ದನ್ನು ನೋಡಿ ನಿರ್ಧರಿಸಿರಿ. ಈಟಿ ಹಿಡಿದು ನಿಲ್ಲುವವರಿಗೂ ತಾವು ಏತಕ್ಕೆ ನಿಂತಿದ್ದೇವೆಂಬುದು ತಿಳಿದಿರಲಿ. ತಿಳಿಸಲಾಗದಿದ್ದರೆ ಆ ಪಾತ್ರವನ್ನೇ ತೆಗೆದುಬಿಡಿರಿ. ಮೂರನೆಯದಾಗಿ, ಅಭ್ಯಾಸವು ಮಧ್ಯಾಹ್ನದ ವಿರಾಮದಲ್ಲಿ ನಡೆಯಲಿ. ಸಂಜೆ ಇಡಲೇಬೇಕಾದರೆ, ಬಸ್ಸಿನ ವೇಳೆಗಳನ್ನು ಮೊದಲು ಬರೆದುಕೊಂಡು ಅನಂತರ ನಾಟಕದ ವೇಳೆಯನ್ನು ಗೊತ್ತುಮಾಡಿರಿ.

ಈ ವಿನಂತಿಗಳಲ್ಲಿ ಕೊನೆಯದು ರಂಗಕಲೆಗೆ ಸಂಬಂಧಿಸಿದ್ದಲ್ಲವೆಂದು ಕೆಲವರಿಗೆ ತೋರಬಹುದು. ನನಗೂ ಒಂದು ವರ್ಷದ ಹಿಂದೆ ಹಾಗೆಯ ತೋರುತ್ತಿತ್ತು.